ಚೇರ್ಮನ್ನರ ಗಾಡಿಗೆ ಕೂಗಿದ ಭೋಂಗಾ

ಕಬ್ಬಿನ ಹಂಗಾಮು ಭರದಲ್ಲಿತ್ತು. ಮುಗಳಖೋಡದ ದಾರಿಯ ತುಂಬ ಎತ್ತಿನ ಗಾಡಿಗಳು ಸಕ್ಕರೆ ಫ್ಯಾಕ್ಟರಿಯ ಕಡೆಗೆ ಓಲಾಡುತ್ತ ಸಾಗಿದ್ದವು. ತುಳಸವ್ವ ಮನೆಯ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಗಂಡ ಲಗಮಣ್ಣ ಸುಲಿದದ್ದನ್ನು ಸುಲಿದ ಹಾಗೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಪೊಲೀಸ್ ಫೌಜದಾರಿಕೆಯಿಂದ ನಿವೃತ್ತರಾದ ಮೇಲೂ ಸುತ್ತಲಿನ ಊರುಗಳ ಕಳವು, ಗುಮಾನಿಗಳೆಲ್ಲ ಈ ಕಟ್ಟೆಗೇ ಬಂದು ಬೀಳುತ್ತಿದ್ದವು. ತನಿಖೆಗೆ ಹೊರಟರೆ ಹೆಂಡತಿ ಜೊತೆಗಿರಲೇಬೇಕು. ಹೆಂಗಸರನ್ನು ಪ್ರಶ್ನೆ ಕೇಳುವಾಗ ಫೌಜದಾರರಿಗೆ ನಾಲಿಗೆ ಒಣಗುತ್ತಿತ್ತು.

ಅಂದು ಅಳುತ್ತ ಬಂದವಳು ಸುಂದರಾ. ಫ್ಯಾಕ್ಟರಿಯ ಕಂಪ್ಯೂಟರ್ ನಡೆಸುವವಳು, ಹೊಸದಾಗಿ ಮದುವೆಯಾದ ಜ್ಞಾನದೇವನ ಹೆಂಡತಿ.

"ಕಾಕಾ, ಸಂಜಿಗೆ ನನ್ನ ಕೆಲಸದಿಂದ ತಗೀತಾರಂತ್ರಿ. ಇವರಿಗೂ ಇನ್ನೂ ನೌಕರಿ ಇಲ್ಲ. ಮನಿ ನಡಿಯೂದ ನನ್ನ ಪಗಾರದ ಮ್ಯಾಲ."

ಪುಣೆಯಿಂದ ಬಂದ ಆ ಯಂತ್ರದ ಸುದ್ದಿ ರಾಯಬಾಗದಿಂದ ಕುಡಚಿಯವರೆಗೂ ಹಬ್ಬಿತ್ತು. ತೂಕ ಹೆಚ್ಚಿಸಲು ಕಬ್ಬಿನೊಳಗೆ ಕಲ್ಲು, ಮಣ್ಣು ತುಂಬುವ ಕಳ್ಳರನ್ನು ಅದು ತನ್ನ ಬುದ್ಧಿಯಿಂದಲೇ ಗುರುತಿಸುತ್ತದೆ ಎಂದು ಚೇರ್ಮನ್ ಧರೆಪ್ಪ ಭಾಷಣ ಮಾಡಿದ್ದರು. ಗೇಟಿನಲ್ಲಿ ಗಾಡಿಯ ನಂಬರು ಒತ್ತಿದರೆ ಸಾಕು. ಸಂಶಯ ಬಂದರೆ ಸೈರನ್ನಿನಂಥ ಭೋಂಗಾ ಕೂಗುತ್ತಿತ್ತು. ಕೂಗಿಸಿಕೊಂಡ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಕಬ್ಬನ್ನೆಲ್ಲ ಇಳಿಸಿ ನೋಡುತ್ತಿದ್ದರು. ಎತ್ತು ದಿನವಿಡೀ ಬಿಸಿಲಲ್ಲಿ, ಕಬ್ಬು ನೆಲದ ಮೇಲೆ. ಭೋಂಗಾ ಕೂಗುತ್ತಿದ್ದದ್ದು ಹೆಚ್ಚಾಗಿ ಎದುರು ಪಾರ್ಟಿಯ ಬಾಳಾಸಾಬನ ಗಾಡಿಗಳಿಗೇ. ಯಾರಾದರೂ ಕೇಳಿದರೆ ಧರೆಪ್ಪ, "ಇದರಾಗ ಮನಷ್ಯಾರ ಕೈ ಇಲ್ಲಪಾ, ಯಂತ್ರ ತಾನ ವಿಚಾರ ಮಾಡತೈತಿ" ಎನ್ನುತ್ತಿದ್ದರು.

ಶನಿವಾರ ಮುಂಜಾನೆ ಅದೇ ಯಂತ್ರ ಧರೆಪ್ಪನವರ ಸ್ವಂತ ಗಾಡಿಗಳಿಗೆ ಸಾಲಾಗಿ ಕೂಗಿತ್ತು! ಊರೆಲ್ಲ ನೆರೆದು ಕಬ್ಬು ಇಳಿಸಿ ನೋಡಿದರೆ, ಕೊನೆಯ ಗಾಡಿಯ ತಳದಲ್ಲಿ ಬೀಸುಕಲ್ಲಿನ ಗಾತ್ರದ ಎರಡು ಗುಂಡುಕಲ್ಲುಗಳು.

"ಯಂತ್ರದ ಪಾಸ್‌ವರ್ಡ್ ಗೊತ್ತಿದ್ದದ್ದು ಚೇರ್ಮನ್ ಸಾಹೇಬ್ರಿಗೆ ಮತ್ತ ನನಗ ಅಷ್ಟ. ಯಂತ್ರದಾಗ ಯಾರೋ ಕೈ ಆಡಿಸ್ಯಾರ, ಅದಕ್ಕ ನಾನ ಕಳ್ಳಿ ಅಂತ," ಎಂದು ಸುಂದರಾ ಬಿಕ್ಕಿದಳು.

"ಯಾರಿಗರೆ ಹೇಳಿದ್ದೇನ?" ಲಗಮಣ್ಣ ಶೇಂಗಾ ಬುಟ್ಟಿಯನ್ನೇ ನೋಡುತ್ತ ಕೇಳಿದರು.

"ದೇವರಾಣಿ ಇಲ್ರಿ. ಎಲ್ಲಾರೂ ಕೇಳ್ಯಾರ. ಬಾಳಾಸಾಬಣ್ಣ ಗೇಟಿನಾಗ ನಿಂತು ಕೇಳಿದ್ರು, ವಾಚಮನ್ ಹಾಲಸಿದ್ದ ಕೇಳಿದ, ಶುಕ್ರವಾರ ಯಂತ್ರಕ್ಕ ಪೂಜಿ ಮಾಡಾಕ ಬಂದಾಗ ಚೇರ್ಮನ್ರ ಮನಿಯಾವ್ರು ಚನ್ನಕ್ಕನೂ ಕೇಳಿದ್ರು. ಯಾರ ಮುಂದೂ ಬಾಯಿ ಬಿಟ್ಟಿಲ್ರಿ."

"ಏನದು ಪಾಸ್‌ವರ್ಡ್?"

ಸುಂದರಾಳ ಅಳು ಥಟ್ಟನೆ ನಿಂತಿತು. ಮುಖ ಕೆಂಪಾಯಿತು. ತಲೆಯ ಮೇಲಿನ ಸೆರಗನ್ನು ಮುಂದೆಳೆದುಕೊಂಡು, "ಹೆಂಗ ಹೇಳ್ಲಿರಿ ನಾ…" ಎಂದಳು.

"ಭೇಷ್! ಇದಕ್ಕ ಅಂತಾರ ನಿಯತ್ತು," ಎಂದರು ಲಗಮಣ್ಣ. ತುಳಸವ್ವ ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡು ಒಳಗೊಳಗೇ ನಕ್ಕಳು.

ಫ್ಯಾಕ್ಟರಿಯಲ್ಲಿ ಯಂತ್ರದ ಕೋಣೆಗೆ ಚಪ್ಪಲಿ ನಿಷಿದ್ಧ. ಹಾಲಸಿದ್ದ ಒಳಗೆ ಬರುವಾಗೊಮ್ಮೆ, ಹೋಗುವಾಗೊಮ್ಮೆ ಯಂತ್ರಕ್ಕೆ ಸಲಾಮು ಹೊಡೆದ. ಅಕ್ಷರದ ಗುಂಡಿಗಳಲ್ಲಿ ಒಂದನ್ನು ಓದು ಎಂದು ಲಗಮಣ್ಣ ಹೇಳಿದರೆ, "ಇದು ಇಂಗ್ಲೀಷ ದೇವರರಿ, ನನಗ ತಿಳಿಯಂಗಿಲ್ಲ" ಎಂದು ಕೈಮುಗಿದ.

ಬಾಳಾಸಾಬನ ಮೇಲೆ ಎಲ್ಲರ ಕಣ್ಣು. ನಿಪ್ಪಾಣಿಯಲ್ಲಿ ಮೊದಲಿನಿಂದ ಟೈಪಿಂಗ್ ಕ್ಲಾಸು ಇಟ್ಟವನು. ಅಲ್ಲದೆ ಅವನ ತಂಗಿ ಚನ್ನವ್ವನೇ ಧರೆಪ್ಪನ ಹೆಂಡತಿಯಾದ್ದರಿಂದ ಭಾವಮೈದುನರ ಜಗಳಕ್ಕೆ ಮನೆಯ ಖಾರವೂ ಸೇರಿತ್ತು. ಅವನು ಹೊಸ್ತಿಲಾಚೆಯೇ ನಿಂತು ಗುಡುಗಿದ: "ಯಂತ್ರ ಬಂದ ದಿನದಿಂದ ಈ ಕ್ವಾಣಿಗೆ ಕಾಲಿಟ್ಟಿಲ್ಲ. ಡಬ್ಬಿಗೆ ಚಪ್ಪಲಿ ಬಿಡಾಂವ ಅಲ್ಲ ನಾ!"

"ಖರೇರಿ, ಇವರದು ದಿನಾ ಇದ ತಂಟೆ," ಎಂದ ಹಾಲಸಿದ್ದ.

"ಶುಕ್ರವಾರ ಪೂಜಿ ಹೊತ್ತಿನ್ಯಾಗ ನೀ ಇಲ್ಲೇ ಇದ್ದೀ?" ಲಗಮಣ್ಣ ಸುಂದರಾಳನ್ನು ಕೇಳಿದರು.

"ಇದ್ನಿರಿ. ನಡುವ ಕಾಯಿ ಒಡಕೊಂಡ ಬಾ ಅಂತ ಚನ್ನಕ್ಕ ಗೇಟಿಗೆ ಕಳಿಸಿದ್ರು, ಅಷ್ಟ."

ಲಗಮಣ್ಣ ಹೊರಗೆ ಬಂದು ಬೇವಿನ ಗಿಡದ ನೆರಳಲ್ಲಿ ಕುಳಿತರು. "ಹೇಳಿಲ್ಲ ಅಂತಾಳ. ಆದ್ರ ಗೊತ್ತಾಗೇತಿ. ಹೆಂಗ ಇದು?"

ತುಳಸವ್ವ ನಕ್ಕಳು. "ನಮ್ಮ ಲಗ್ನದಾಗ ಬಾಗಲಾ ಅಡ್ಡಗಟ್ಟಿ ನಿಮ್ಮ ಅಕ್ಕಗೋಳು ನನಗ ಏನ ಕೇಳಿದ್ರು, ನೆನಪೈತೇನು?"

"ಒಡಪು ಕಟ್ಟಿ ನನ್ನ ಹೆಸರ ಹೇಳಂದ್ರು. ನಾಳೆ ಹೇಳತೇನಿ ಅಂತ ಒಳಗ ಬಂದಾಕಿ, ಇನ್ನೂ ಹೇಳವಲ್ಲಿ. ಆ ಬಾಕಿ ಹಂಗ ಐತಿ. ಹೇಳ ನೋಡೂಣು ಈಗ!"

ತುಳಸವ್ವನ ಕೈ ತಾನಾಗಿಯೇ ಸೆರಗಿಗೆ ಹೋಯಿತು. ತಲೆ ತಗ್ಗಿತು. ಲಗಮಣ್ಣ ಅವಳನ್ನೇ ದಿಟ್ಟಿಸಿ ನೋಡಿ, ತೊಡೆ ತಟ್ಟಿಕೊಂಡು ಎದ್ದರು.

ಸಂಜೆ ಎಲ್ಲರೂ ಬರಿಗಾಲಲ್ಲಿ ಕೋಣೆಯಲ್ಲಿ ಕೂಡಿದರು. ಬಾಳಾಸಾಬ ಹೊಸ್ತಿಲ ಹೊರಗೇ ಉಳಿದ. ಲಗಮಣ್ಣ ಚೇರ್ಮನ್ನರ ಕಡೆ ತಿರುಗಿದರು.

"ಧರೆಪ್ಪನವರ, ಈ ಯಂತ್ರದ ಪಾಸ್‌ವರ್ಡ್ 'ಜ್ಞಾನದೇವ'. ಹೌದೋ ಅಲ್ಲೋ?"

ಚೇರ್ಮನ್ನರು ಸುಂದರಾಳತ್ತ ಕೆಕ್ಕರಿಸಿ ನೋಡಿದರು.

"ಗಂಡನ ಹೆಸರ ಇಟ್ರ ಈ ಹುಡಿಗಿ ಸತ್ರೂ ಬಾಯಿ ಬಿಡೂದಿಲ್ಲ ಅಂತ ನಿಮ್ಮ ಲೆಕ್ಕ. ಆಕಿ ಬಿಡಲೂ ಇಲ್ಲ. ಆದ್ರ ಕೇಳಿದಾಗೊಮ್ಮೆ ನಾಚಿ ಸೆರಗ ಎಳಕೊಂಡಾಳ. ನಮ್ಮಂಥಾ ಗಂಡಸರ ಕಣ್ಣಿಗೆ ಅದು ನಿಯತ್ತು. ಗಂಡನ ಹೆಸರ ನುಂಗಿಕೊಂಡ ಸಂಸಾರ ಮಾಡಿದಾಕಿಗೆ ಮಾತ್ರ ಅದು ಪೂರಾ ಉತ್ತರ. ಹಂಗಾರ ಕೇಳಿದಾಕಿ ಹೆಣ್ಣಮಗಳು. ಸುಂದರಾನ್ನ ಕಾಯಿ ನೆವದಿಂದ ಹೊರಗ ಕಳಿಸಿದಾಕಿ. ಅಣ್ಣನ ಕ್ಲಾಸಿನ್ಯಾಗ ಟೈಪಿಂಗ್ ಕಲತಾಕಿ."

ಎಲ್ಲರೂ ಚನ್ನವ್ವನ ಕಡೆ ತಿರುಗಿದರು. ಅವಳು ಕುಂಕುಮದ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು.

"ಹೌದು, ನಾನ. ಒಳಗ ನೋಡಿದ್ರ ಯಂತ್ರದ ಬುದ್ಧಿ ಅಂದ್ರ ಒಂದ ಹಾಳಿ ಹೆಸರು, ಯಾರ ಗಾಡಿಗೆ ಭೋಂಗಾ ಕೂಗಬೇಕು ಅಂತ. ಎಲ್ಲಾ ಇವರು ಬರಸಿದ್ದು, ಎಲ್ಲಾರಕಿಂತ ಮ್ಯಾಲ ನಮ್ಮ ಅಣ್ಣ. ದಿನಾ ಅಣ್ಣನ ಎತ್ತು ಬಿಸಲಾಗ ನಿಂತಾವು ಅಂದ್ರ, ಯಂತ್ರ ವಿಚಾರ ಮಾಡತೈತಿ ಅಂತಿದ್ರು. ನಮ್ಮ ಗಾಡಿ ಮ್ಯಾಲೂ ಒಂಚೂರು ವಿಚಾರ ಮಾಡಲಿ ಅಂತ ಇವರ ಹೆಸರೂ ಸೇರಿಸಿದೆ."

"ಕಲ್ಲೂ ನೀನ ಇಟ್ಟೇನ?" ಧರೆಪ್ಪ ಕೂಗಿದರು.

"ಕಲ್ಲ ನಂದಲ್ರೀ. ಅದು ನಿಮ್ಮ ಸ್ವಂತದ್ದು."

ಹೊಸ್ತಿಲಾಚೆ ಬಾಳಾಸಾಬ ನಕ್ಕ ನಗೆಗೆ ಹಾಲಸಿದ್ದನಿಗೂ ನಗು ತಡೆಯಲಾಗಲಿಲ್ಲ. ಸುಂದರಾಳನ್ನು ತೆಗೆಯಬೇಕಾದರೆ ಈ ಮಾತೆಲ್ಲ ಜನರಲ್ ಬಾಡಿ ಸಭೆಯಲ್ಲಿ ಬರುತ್ತದೆ ಎಂದು ಲಗಮಣ್ಣ ತಣ್ಣಗೆ ನೆನಪಿಸಿದರು. ಧರೆಪ್ಪ ಬೆವರು ಒರೆಸಿಕೊಂಡು, "ನೌಕರಿ ಇರಲಿ. ಹೆಸರು ಅಳಿಸಿ ಬಿಡ್ರಿ, ಎಲ್ಲಾರವೂ. ಪಾಸ್‌ವರ್ಡ್ ಬದಲ ಮಾಡ್ರಿ," ಎಂದರು.

"ಹೊಸಾದು ಏನ ಇಡ್ಲಿ ಅವ್ವಾ?" ಸುಂದರಾ ತುಳಸವ್ವನನ್ನು ಕೇಳಿದಳು.

ತುಳಸವ್ವ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಬಗ್ಗಿ, ಇಡೀ ಬಾಳಿನಲ್ಲಿ ಒಮ್ಮೆಯೂ ಬಾಯಿಗೆ ತಾರದ ಹೆಸರನ್ನು ಹುಡುಗಿಯ ಕಿವಿಯಲ್ಲಿ ಉಸುರಿದಳು. ಸುಂದರಾ ಕಣ್ಣರಳಿಸಿ ಗುಂಡಿಗಳನ್ನು ಒತ್ತಿದಳು.

ಮನೆಯ ದಾರಿಯಲ್ಲಿ ಲಗಮಣ್ಣನಿಗೆ ತಡೆಯಲಾಗಲಿಲ್ಲ. "ಏನ ಹೇಳಿದಿ ಆಕಿ ಕಿವ್ಯಾಗ?"

ತುಳಸವ್ವ ಸೆರಗು ಮುಟ್ಟಲಿಲ್ಲ, ತಲೆ ತಗ್ಗಿಸಲಿಲ್ಲ. ಎದುರಿಗೆ ಬರುತ್ತಿದ್ದ ಕಬ್ಬಿನ ಗಾಡಿಯನ್ನು ನೋಡುತ್ತ ನೆಟ್ಟಗೆ ನಡೆದಳು.

ಫೌಜದಾರರು ಊರು ಬರುವವರೆಗೂ ಅವಳ ಮುಖವನ್ನೇ ಓದುತ್ತ ಬಂದರು. ಏನೂ ಸಿಗಲಿಲ್ಲ.

"ಅದು ಹೋಗಲಿ," ಕೊನೆಗೆ ಕಟ್ಟೆಯ ಮೇಲೆ ಕುಸಿದು ಕುಳಿತು ಅವರು ಗೊಣಗಿದರು, "ನನ್ನ ಹಳೇ ಬಾಕಿ ಯಾವಾಗ ತೀರಸ್ತಿ?"

"ತೀರೇತಿ," ಎಂದು ತುಳಸವ್ವ ಶೇಂಗಾ ಬುಟ್ಟಿಯನ್ನು ಅವರ ಕೈಗೆಟುಕದಷ್ಟು ದೂರಕ್ಕೆ ಎಳೆದುಕೊಂಡಳು.