ನೀಲಿ ಮುಚ್ಚಳದ ಮೇಲಿನ ಜೇಡ

ಗಾಡಿ ಗಂಟೆಗೆ ತೊಂಬತ್ತು ಮೈಲಿ ವೇಗದಲ್ಲಿತ್ತು. ನನ್ನ ಕಡೆಯ ಬಾಗಿಲಿಗೆ ಲಾಕ್ ಬಿದ್ದಿತ್ತು.

ಸ್ಟೀರಿಂಗ್ ಹಿಡಿದವನು ಡ್ವೇನ್ ಸ್ಟ್ರೌಡ್. ಬೇಕರ್ಸ್‌ಫೀಲ್ಡ್‌ನಲ್ಲಿ ಹಳೇ ಪಿಕಪ್ ಮಾರುವವನು. ಎರಡೂ ಕಡೆ ಬಾದಾಮಿ ತೋಟ... ಒಂದು ನರಪಿಳ್ಳೆಯೂ ಇಲ್ಲ.

"ರಿಪೋರ್ಟಲ್ಲಿ ಏನು ಬರೀತೀಯ, ಅಮಿಗೋ?"

"ಕಂಡದ್ದನ್ನ."

ಅವನು ಆಕ್ಸಿಲರೇಟರ್ ಇನ್ನಷ್ಟು ತುಳಿದ.

ನಾನು ಡೆಲ್ಫಿನೊ ಅರಿಯೋಲ. ಹಳೇ ಗಾಡಿ ಕೊಳ್ಳುವವರ ಪರವಾಗಿ ಗಾಡಿ ನೋಡಿ ಹೇಳುವುದು ನನ್ನ ಕಸುಬು. ಈ ಸಲ ಕರೆಸಿದ್ದು ವರ್ನಾ ಟ್ಯಾಕೆಟ್ ಎಂಬ ನರ್ಸ್. ದಿನಾ ನಲವತ್ತು ಮೈಲಿ ಬೆಟ್ಟ ಹತ್ತಿ ಟೆಹಾಚಪಿಯ ಆಸ್ಪತ್ರೆಗೆ ಹೋಗಬೇಕು. ಹಳೇ ಕಾರು ಈ ತಿಂಗಳು ದಾಟುವುದೇ ಅನುಮಾನ. ಕ್ಯಾಲಿಫೋರ್ನಿಯದಲ್ಲಿ ಹೊಗೆಯ ಎಮಿಷನ್ ಟೆಸ್ಟ್ ಪಾಸಾಗದ ಗಾಡಿಗೆ ನೋಂದಣಿ ಇಲ್ಲ. ನೋಂದಣಿ ಇಲ್ಲದಿದ್ದರೆ ಆಕೆಗೆ ಕೆಲಸವೂ ಇಲ್ಲ.

ಈ ಬಿಳಿ ಡೀಸೆಲ್ ಗಾಡಿಯ ಮೇಲೆ ಬೆಳಿಗ್ಗೆಯೇ ನನಗೆ ಗುಮಾನಿ ಹುಟ್ಟಿತ್ತು. ಎಮಿಷನ್ ಸರ್ಟಿಫಿಕೇಟೇನೋ ಇತ್ತು, ಮೂರೇ ದಿನ ಹಳೆಯದು. ಸೈಲೆನ್ಸರ್ ಕೊಳವೆಯೊಳಗೆ ಬೆರಳಾಡಿಸಿದೆ. ಹೊಗೆ ಸೋಸುವ ಫಿಲ್ಟರ್ ಕಿತ್ತಿದ್ದರೆ ಬೆರಳಿಗೆ ಮಸಿ ಹತ್ತಬೇಕು. ಹತ್ತಲಿಲ್ಲ. ಆದರೆ ಪಾತ್ರೆ ತೊಳೆಯುವ ಸೋಪಿನ ವಾಸನೆ ಬಂತು.

ಸೈಲೆನ್ಸರ್‌ಗೆ ಯಾರು ಸ್ನಾನ ಮಾಡಿಸುತ್ತಾರೆ?

ಡೀಸೆಲ್ ಹಾಕುವ ಕಡೆ ನೋಡಿದೆ. ಪಕ್ಕದಲ್ಲೇ ನೀಲಿ ಮುಚ್ಚಳ. ಹೊಗೆಯ ವಿಷ ಕಳೆಯುವ ದ್ರಾವಣ ತುಂಬುವುದು ಅಲ್ಲಿ, ಕೆಲವು ಸಾವಿರ ಮೈಲಿಗೊಮ್ಮೆ. ಈ ಗಾಡಿ ಓಡಿದ್ದು ತೊಂಬತ್ತು ಸಾವಿರ. ಡೀಸೆಲ್ ಮುಚ್ಚಳ ಕೈ ತಾಗಿ ತಾಗಿ ಹೊಳೆಯುತ್ತಿತ್ತು. ನೀಲಿ ಮುಚ್ಚಳಕ್ಕೆ ಜೇಡ ಬಲೆ ಸುತ್ತಿ, ಮೊಟ್ಟೆಯಿಟ್ಟು, ಸಂಸಾರ ಮುಗಿಸಿ ಹೋಗಿತ್ತು.

ತೆರೆದೆ. ಒಳಗೆ ಒಣ. ಆದರೂ ಎಚ್ಚರಿಕೆಯ ದೀಪ ಹತ್ತಿಲ್ಲ. ಅಂದರೆ ಗಾಡಿಯ ಕಂಪ್ಯೂಟರಿನ ಬಾಯಿಯನ್ನೂ ಮುಚ್ಚಿಸಿದ್ದರು. ಇದರ ಹೆಸರಿನಲ್ಲಿ ಟೆಸ್ಟ್ ಪಾಸಾದದ್ದು ಬೇರೆ ಯಾವುದೋ ಗಾಡಿ.

ಮುಚ್ಚಳ ನನ್ನ ಕೈಯಲ್ಲಿದ್ದದ್ದನ್ನು ಸ್ಟ್ರೌಡ್ ಕಂಡ. ಓಡಿಸಿ ನೋಡುವುದು ಬೇಡವೇ ಎಂದು ನಗುತ್ತಾ ಕೇಳಿದ. ನಾನು ಹತ್ತಿದೆ. ಅದು ನನ್ನ ದಡ್ಡತನ.

ಕಾಲುವೆಯ ಹತ್ತಿರ ಬ್ರೇಕ್ ಒತ್ತಿದ. ನನ್ನ ಜೇಬಿನಿಂದ ಫೋನ್ ಕಿತ್ತು ಮುಖದ ಮುಂದೆ ಹಿಡಿದ. ಆ ನರ್ಸಮ್ಮ ಅಂಗಡಿಯ ಆಫೀಸಿನಲ್ಲೇ ಕೂತಿದ್ದಾಳೆ, ಗಾಡಿ ಚೆನ್ನಾಗಿದೆ ಅಂತ ಫೋನ್ ಮಾಡಿ ಹೇಳಿಬಿಡು ಎಂದ.

"ಆಗಲ್ಲ."

ಫೋನ್ ಕಾಲುವೆಗೆ ಬಿತ್ತು. ಬಾಗಿಲ ಲಾಕ್ ತೆಗೆದು ತಳ್ಳಿದ, ನಾನು ರಸ್ತೆಗೆ ಬಿದ್ದೆ.

"ನಡ್ಕೊಂಡು ಬಾ. ನೀನು ಊರು ಮುಟ್ಟೋಷ್ಟರಲ್ಲಿ ಅವಳು ಸಹಿ ಹಾಕಿರ್ತಾಳೆ."

ನಡುಮಧ್ಯಾಹ್ನ. ಕೆಂಡದಂಥ ಟಾರು. ಎರಡು ಗಂಟೆ ನಡೆದೆ... ಎದುರಿನಿಂದ ಕೆಮ್ಮುತ್ತಾ ಒಂದು ಹಳೇ ಕಾರು ಬಂತು. ಒಳಗೆ ವರ್ನಾ.

ಸ್ಟ್ರೌಡ್ ಒಬ್ಬನೇ ವಾಪಸಾದನಂತೆ. ನನಗೇನೋ ಅವಸರದ ಕೆಲಸ ಬಂತು ಎಂದನಂತೆ. ಗಾಡಿ ಓಡಿಸಿ ನೋಡಲು ಅವನು ಬರುವುದು ಇದೊಂದೇ ರಸ್ತೆಗೆ ಎಂದು ಅಲ್ಲಿನ ಮೆಕ್ಯಾನಿಕ್ ಪಿಸುಗುಟ್ಟಿದನಂತೆ.

"ಸಹಿ?" ಎಂದೆ.

"ನೀನೇ ಹೇಳಿದ್ದೆಯಲ್ಲಪ್ಪಾ, ನನ್ನ ಫೋನ್ ಬಂದ್ರೆ ಮಾತ್ರ ಸಹಿ ಹಾಕಿ, ಬರದಿದ್ರೆ ಎದ್ದು ಹೋಗಿ ಅಂತ. ಬರಲಿಲ್ಲ. ಎದ್ದು ಬಂದೆ." ನೀರಿನ ಬಾಟಲಿ ಕೊಟ್ಟಳು. "ಮತ್ತೆ ನಾನು ಯಾವುದು ತಗೊಳ್ಳಲಿ?"

"ಚಿಕ್ಕ ಪೆಟ್ರೋಲ್ ಪಿಕಪ್. ಟೆಸ್ಟ್ ನಾವೇ ನಿಂತು ಮಾಡಿಸೋಣ."

ಕಾರು ತಿರುಗಿತು. ಹಿಂದೆ ಉಳಿದ ಕಾಲುವೆಯ ದಿಕ್ಕಿಗೆ ಒಮ್ಮೆ ನೋಡಿದೆ.

ಫೋನ್ ಎಸೆದು, 'ಈ ಗಾಡಿ ಬೇಡ' ಎಂಬ ನನ್ನ ರಿಪೋರ್ಟನ್ನು ಸ್ಟ್ರೌಡೇ ತನ್ನ ಕೈಯಾರೆ ಕೊಟ್ಟಿದ್ದ. ಅವನ ಸಹಿಯೊಂದೇ ಬಾಕಿ.