ಪೆಟ್ರೋಲಿನೊಳಗಿನ ನೀರು

ನೆಂಟರೆಲ್ಲ ಹೋದ ಮೇಲಿನ ಮೊದಲ ಬೆಳಿಗ್ಗೆ ಹಾಲಿನವನು ಎಂದಿನಷ್ಟೇ ಹಾಲು ಹಾಕಿ ಹೋದ. ನನ್ನ ಗಂಡ ಸುಜಯನ ಪಾಲನ್ನು ಕಡಿಮೆ ಮಾಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನು ಅಷ್ಟನ್ನೂ ಕಾಸಿದೆ.

ಅತ್ತೆ ಸುಂದರಾಬಾಯಿ ಹಿತ್ತಲ ಬಾವಿಯಿಂದ ನೀರು ತಂದು ಕೊಡದ ಬಾಯಿಗೆ ಹೊಸ ಬಿಳಿ ಅರಿವೆ ಬಿಗಿದು ಸೋಸುತ್ತಿದ್ದರು. ಸೋಸಿದ ಮೇಲೆ ಅರಿವೆಯನ್ನು ಜಾಲಿಸಿ ಆ ನೀರನ್ನು ಮತ್ತೆ ಬಾವಿಗೇ ಬಿಡಬೇಕು. ಕಣ್ಣಿಗೆ ಕಾಣದ ಜೀವಗಳು ತಮ್ಮ ಮನೆಗೆ ಮರಳಬೇಕು. ಜೈನರ ಮನೆಯಲ್ಲಿ ಇದು ಉಸಿರಾಟದಂತೆ ನಡೆಯುತ್ತದೆ. ಮಗ ಸತ್ತ ಸೂತಕದಲ್ಲೂ ಅತ್ತೆ ತಪ್ಪಿಸಿರಲಿಲ್ಲ.

ಪಡಸಾಲೆಯ ಕಂಬಕ್ಕೆ ಒರಗಿ ಕಮಲಾಬಾಯಿ ಅದನ್ನೇ ನೋಡುತ್ತಿದ್ದರು. ಅವರು ತೀರಿಹೋದ ನನ್ನ ಮಾವನ ಅಕ್ಕ. ಸುಜಯನಿಗೆ ಆತ್ಯಾ, ಹಾಗಾಗಿ ನನಗೂ ಆತ್ಯಾ. ಚಿಕ್ಕೋಡಿ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾಗಿ ಶಿರಗುಪ್ಪಿಯ ನಮ್ಮ ಮನೆಯಲ್ಲೇ ಇದ್ದರು. ಬೋರಗಾಂವದಲ್ಲಿ ಮಗ್ಗದ ಶೆಡ್ಡಿಗೆ ಬೆಂಕಿಯಿಟ್ಟವನನ್ನು ಅವರು ಪತ್ತೆಹಚ್ಚಿ ಹೆಸರಿಸಿದಾಗಿನಿಂದ, ಪೊಲೀಸರಲ್ಲಿಗೆ ಹೋಗಲು ಅಂಜುವವರು ನಮ್ಮ ಕಟ್ಟೆಗೆ ಬರುತ್ತಿದ್ದರು. ಸ್ಕೂಟರಿನಲ್ಲಿ ಅವರನ್ನು ಕರೆದೊಯ್ಯುವುದು ನನ್ನ ಕೆಲಸ.

ಅಂದು ಬಂದವಳು, ಸುಜಯ ವಿಮಾನ ಇಳಿಸುತ್ತಿದ್ದ ಹೊಲದ ಒಡೆಯ ಮಲ್ಲೇಶನ ಹೆಂಡತಿ ಶೈಲಾ.

"ಬಾಯಾರ, ನಾಳೆ ಪೊಲೀಸ್ರು ನನ್ನ ಗಂಡನ್ನ ಒಯ್ತಾರಂತ್ರಿ. ಇಮಾನದ ಪೆಟ್ರೋಲಿನಾಗ ನೀರ ಹಾಕಿದಾವ ಅವನ ಅಂತ ಬರಕೊಂಡಾರ."

"ಹಾಕ್ಯಾನೇನು?"

"ಇಲ್ರಿ! ಬಾಯಿ ಹೊಲಸ ಅವಂದು, ಕೈ ಅಲ್ಲ."

ಅವಳು ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಆ ಹೊತ್ತಿಗೆ ನಾನೂ ಮಲ್ಲೇಶನನ್ನೇ ಕೊಲೆಗಾರನೆಂದು ನಂಬಿದ್ದೆ.

ವಿಮಾನ ಎಂದರೆ ಎರಡು ಸೀಟಿನ, ಬಟ್ಟೆಯ ರೆಕ್ಕೆಯ ಪುಟ್ಟ ಯಂತ್ರ. ಸುಜಯ ಮತ್ತು ನಿಪ್ಪಾಣಿಯ ಗೆಳೆಯ ನಿತಿನ ಸೇರಿ ಕೊಂಡಿದ್ದರು. ಮಲ್ಲೇಶನ ಬೀಳು ಹೊಲವೇ ಅದರ ನೆಲೆ. ನಾನೂ ಅದರಲ್ಲಿ ಹಾರಿದ್ದೇನೆ. ಕಾರ್ಖಾನೆಯ ಹೊಗೆ ನೋಡಿ ಗಾಳಿ ಎತ್ತಲಿನದೆಂದು ಹೇಳಲು ಕಲಿತಿದ್ದೇನೆ. ಮೇಲಿನಿಂದ ಅಥಣಿ ಕಡೆಯ ದ್ರಾಕ್ಷಿ ಹಂದರಗಳು ಬಾಚಿದ ತಲೆಯಂತೆ ಕಾಣುತ್ತವೆ. ಕೃಷ್ಣೆಯ ತಿರುವಿನಲ್ಲಿ ಇಂಜಿನ್ನಿನ ಸದ್ದು ಕಡಿಮೆ ಮಾಡಿ ಸುಜಯ ಸುಮ್ಮನಿರುತ್ತಿದ್ದ. ಅಷ್ಟು ಹೊತ್ತು ಮನೆ, ಅಂಗಡಿ, ಊರಿನ ಮಾತು ಯಾವುದೂ ಇರುತ್ತಿರಲಿಲ್ಲ.

ಹಾರುವುದಕ್ಕಿಂತ ಹಾರುವ ಮುಂಚಿನ ತಪಾಸಣೆ ಅವನಿಗೆ ಹೆಚ್ಚು ಪ್ರೀತಿ. ಒಂದೊಂದು ಬೋಲ್ಟನ್ನೂ ಕೈಯಿಂದ ಮುಟ್ಟುತ್ತಿದ್ದ. ಟ್ಯಾಂಕಿನ ತಳದಿಂದ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಬಸಿದು ಬೆಳಕಿಗೆ ಹಿಡಿಯುತ್ತಿದ್ದ. ನೀರಿದ್ದರೆ ತಳದಲ್ಲಿ ಕಾಣುತ್ತದೆ. ಆದರೆ ಹೊಸದಾಗಿ ತುಂಬಿದ್ದರೆ ನೀರು ಕೆಳಗೆ ಇಳಿಯುವವರೆಗೆ ಕಾಯಬೇಕು, ಆಮೇಲೆ ಬಸಿಯಬೇಕು. "ಮ್ಯಾಲೆ ಹ್ವಾದ ಮ್ಯಾಲೆ ದಾರಿ ಬದೀಗೆ ನಿಲ್ಸಾಕ ಬರೂದಿಲ್ಲ, ಕಾಂಚನ," ಎನ್ನುತ್ತಿದ್ದ.

ಸತ್ತ ದಿನದ ಸಂಜೆ ಅವನು ಮನೆಯಿಂದ ಪೆಟ್ರೋಲಿನ ಕ್ಯಾನು ಒಯ್ದಿದ್ದ. ನೆಲ ಬಿಟ್ಟು ಸ್ವಲ್ಪ ಏರುವಷ್ಟರಲ್ಲಿ ಇಂಜಿನ್ ನಿಂತಿತು. ಅವನು ಗಾಬರಿಯಾಗಲಿಲ್ಲವಂತೆ, ನೇರವಾಗಿ ಎದುರಿನ ಕಬ್ಬಿನ ಮೇಲೆ ಇಳಿಸಿದ. ಕಬ್ಬಿನೊಳಗೆ ಬಾಂದಿನ ಕಲ್ಲಿತ್ತು.

ಬೀಳು ಹೊಲಕ್ಕೆ ಕಬ್ಬು ಹಚ್ಚಬೇಕೆಂದು ಮಲ್ಲೇಶ ಜಗಳ ತೆಗೆದಿದ್ದ. "ಇನ್ನೊಮ್ಮೆ ಇಳದ್ರ ಮತ್ತ ಏರಾಕ ಬಿಡೂದಿಲ್ಲ," ಎಂದು ಹೋಟೆಲಿನ ಮುಂದೆ ಎಲ್ಲರಿಗೂ ಕೇಳುವಂತೆ ಕೂಗಿದ್ದ. ಪೊಲೀಸರಿಗೆ ಅಷ್ಟು ಸಾಕಾಗಿತ್ತು.

"ಸ್ಕೂಟರ್ ತಗಿ," ಎಂದರು ಆತ್ಯಾ.

ಕಾಗವಾಡದ ದಾರಿಯಲ್ಲಿ ಹಿಂದಿನಿಂದ ಕೇಳಿದರು. "ಇದು ಮಳಿಗಾಲದಾಗ ಕೆಟ್ಟು ನಿಂತಿತ್ತಲ್ಲ?"

"ಹೌದ್ರಿ. ಟಾಕಿಯೊಳಗ ಮಳಿ ನೀರು ಹೋಗಿತ್ತು. ಎಷ್ಟ ಒದ್ರೂ ಚಾಲೂ ಆಗ್ಲಿಲ್ಲ. ಸುಜಯ ನಗತಿದ್ರು, ಒಂದ ಚಮಚಾ ನೀರು ಸಾಕು, ಗಾಡಿ ಜಾಗಾ ಬಿಟ್ಟು ಅಲಗ್ಯಾಡೂದಿಲ್ಲ ಅಂತ."

"ಯಾರ ಮುಂದ ಹೇಳಿದ್ದ?"

"ಊಟಕ್ಕ ಕುಂತಾಗ. ಎಲ್ಲಾರೂ ಇದ್ವಿ."

ಠಾಣೆಯ ಮುಂದೆ ಸ್ಕೂಟರ್ ನಿಲ್ಲಿಸಿದೆ.

ಠಾಣೆಯ ಮುಖ್ಯಸ್ಥ ಫೌಜದಾರರು ಆತ್ಯಾರನ್ನು ಕೋರ್ಟಿನಲ್ಲಿದ್ದಾಗಿನಿಂದ ಬಲ್ಲವರು. "ಶಿರಸ್ತೇದಾರ ಬಾಯಿ, ಮನೀ ಕೇಸಿಗೆ ನೀವ ಬಂದ್ರ ಹೆಂಗ್ರಿ?" ಎಂದರೂ ಕ್ಯಾನನ್ನು ತೋರಿಸಿದರು. ತಳದಲ್ಲಿ ಸ್ವಲ್ಪ ಪೆಟ್ರೋಲ್ ಉಳಿದಿತ್ತು. ಆತ್ಯಾ ಅದನ್ನು ಗಾಜಿನ ಲೋಟಕ್ಕೆ ಬಗ್ಗಿಸಿದರು. ಮೇಲೆ ಬಣ್ಣದ ಪೆಟ್ರೋಲ್, ಕೆಳಗೆ ನೀರು. ಕನ್ನಡಕ ಏರಿಸಿ ಕ್ಯಾನಿನ ಬಾಯಿಯನ್ನು ನೋಡಿದರು. ಮುಚ್ಚಳ ತಿರುಗಿಸುವ ಗೆರೆಗಳಲ್ಲಿ ಬಿಳಿ ನೂಲಿನ ಎರಡು ಎಳೆ ಸಿಕ್ಕಿಕೊಂಡಿದ್ದವು. "ಇದನ್ನ ಪಂಚನಾಮಾದಾಗ ಬರಕೊಳ್ರಿ," ಎಂದರು.

ನಿತಿನ ಹೊಲದ ಶೆಡ್ಡಿನಲ್ಲಿ ಮುರಿದ ರೆಕ್ಕೆಯ ಪಕ್ಕ ಕೂತಿದ್ದ. ಕ್ಯಾನಿನಿಂದ ಪೆಟ್ರೋಲ್ ಹೊಯ್ದವನು ಅವನೇ ಆದ್ದರಿಂದ ಅವನನ್ನೂ ಪೊಲೀಸರು ಬಿಟ್ಟಿರಲಿಲ್ಲ.

"ಅರಿವಿ ಹಾಕಿ ಸೋಸಿದ್ಯಾ?" ಎಂದು ಆತ್ಯಾ ಕೇಳಿದರು.

"ಇಲ್ಲ ಆತ್ಯಾ, ನಮ್ಮದು ತಂತಿ ಜಾಳಗಿ. ಇಲ್ಲೆ ಐತಿ ನೋಡ್ರಿ."

"ಹೊಯ್ದ ಮ್ಯಾಲೆ ಕಾಯ್ಲಿಲ್ಲ ಯಾಕ?"

ನಿತಿನ ನನ್ನನ್ನು ನೋಡಿದ. "ಥಾಂಬ್, ತಡಿ ಅಂದೆ, ಕೇಳ್ಲಿಲ್ಲ. ಹೊತ್ತ ನೋಡಿ, ಅವ್ವ ಉಣ್ಣದ ಕುಂತಿರ್ತಾಳೋ, ಒಂದ ಸುತ್ತ ಹಾಕಿ ಬರ್ತೀನಿ ಅಂದ. ಬಸದು ನೋಡಿದಾ, ಖರೆ. ಆದ್ರ ಹೊಯ್ದ ಕೂಡ್ಲೆ ನೋಡಿದಾ."

ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ. ಮಗ ಬಂದು ಉಣ್ಣದಿದ್ದರೆ ಅತ್ತೆಯೂ ಉಣ್ಣುತ್ತಿರಲಿಲ್ಲ, ರಾತ್ರಿಯಿಡೀ ಉಪವಾಸ. ಅದಕ್ಕಾಗಿ ಅವನು ಪ್ರತಿ ಸಂಜೆ ಓಡಿ ಬರುತ್ತಿದ್ದ.

ಮರಳುವ ಮುಂಚೆ ಆತ್ಯಾ ಮಲ್ಲೇಶನ ಪೈಪಿನಿಂದ ಒಂದು ಬಾಟಲಿ ನೀರು ಹಿಡಿದುಕೊಂಡರು.

ಮರುದಿನ ಬೆಳಿಗ್ಗೆ ಮಲ್ಲೇಶನನ್ನು ಒಯ್ಯಲು ಬಂದ ಫೌಜದಾರರನ್ನು ಆತ್ಯಾ ನಮ್ಮ ಪಡಸಾಲೆಗೇ ಕರೆಸಿಕೊಂಡರು. ಮಲ್ಲೇಶ, ಶೈಲಾ ಬಾಗಿಲ ಬಳಿ ನಿಂತರು. ನಿತಿನ ಗೋಡೆಗೆ ಒರಗಿ ಕೂತ. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತರು. ನಾನು ಆತ್ಯಾರ ಪಕ್ಕದಲ್ಲಿದ್ದೆ.

ಕಿಟಕಿಯಲ್ಲಿ ಎರಡು ಗಾಜಿನ ಲೋಟಗಳಿದ್ದವು, ಒಂದು ಫೌಜದಾರರು ಠಾಣೆಯಿಂದ ತಂದದ್ದು.

"ಇದು ಮಲ್ಲೇಶನ ಹೊಲದ ನೀರು. ಹೊಳಿದು. ರಾತ್ರಿ ನಿಂತು ತಳದಾಗ ಕೆಂಪ ರಾಡಿ ಕೂತೈತಿ. ಇದು ಕ್ಯಾನಿನೊಳಗಿನ ನೀರು. ಒಂದ ಕಸ ಇಲ್ಲ. ಅಂದ್ರ ನೀರು ಹೊಲದ್ದಲ್ಲ."

"ಬಾಟ್ಲಿ ನೀರು ಇರಬಹುದಲ್ರಿ?" ಎಂದರು ಫೌಜದಾರರು.

"ಇರಬಹುದಿತ್ತು, ನೂಲು ಇರದಿದ್ರ. ಕ್ಯಾನಿನ ಬಾಯಿಗೆ ಯಾರೋ ಅರಿವಿ ಕಟ್ಟ್ಯಾರ. ಪೆಟ್ರೋಲ್ ಸೋಸಾಕಲ್ಲ, ಅದಕ್ಕ ತಂತಿ ಜಾಳಗಿ ಐತಿ. ಅರಿವಿ ಕಟ್ಟಿದ್ದು ನೀರು ಸೋಸಾಕ."

"ನೀರ ಯಾಕ ಸೋಸ್ತಾರ್ರಿ, ಕೊಲ್ಲಾಕ ನಿಂತಾವ್ರು?" ಎಂದ ಮಲ್ಲೇಶ. ಅವನ ದನಿಯಲ್ಲಿ ಸಿಟ್ಟಿಗಿಂತ ಅಚ್ಚರಿ ಹೆಚ್ಚಿತ್ತು.

"ಕೊಲ್ಲಾಕ ನಿಂತಿರ್ಲಿಲ್ಲ," ಎಂದರು ಆತ್ಯಾ. "ನಿತಿನಗ ಹಾರೂದು ಗೊತ್ತು. ಇಂಜಿನ್ನಿನ ಪೈಪಿನಾಗ ಹಳೇ ಪೆಟ್ರೋಲ್ ಇರತೈತಿ, ಇಂಜಿನ್ ಚಾಲೂ ಆಗಿ ಮ್ಯಾಲೆ ಹ್ವಾದ ಮ್ಯಾಲೆ ನಿಲ್ಲತೈತಿ ಅಂತ ಅವಗ ಗೊತ್ತು. ತಿಳದಾವ ಹಾಕಿದ್ರ ಅದು ಕೊಲೆ. ತಿಳೀದವ್ರು ಹಾಕಿದ್ರ, ಸ್ಕೂಟರ್ ನಿಂತಂಗ ಇದೂ ನಿಲ್ಲತೈತಿ, ನೆಲಾನ ಬಿಡೂದಿಲ್ಲ ಅಂತ ಹಾಕಿರ್ತಾರ. ಆ ಮಾತು ಈ ಮನ್ಯಾಗ ಊಟದ ಹೊತ್ತಿನ್ಯಾಗ ಆಗಿತ್ತು. ಕ್ಯಾನು ಆ ದಿನ ಈ ಮನೀ ಹಿತ್ತಲದಾಗಿತ್ತು."

ಅವರು ಸೆರಗಿನ ಅಂಚಿನಿಂದ ಬೆವರು ಒರೆಸಿಕೊಂಡರು. ಕೋರ್ಟಿನಲ್ಲಿ ಮೂವತ್ತು ವರ್ಷ ಓದಿ ಹೇಳಿದ ದನಿ ಮೊದಲ ಸಲ ತಡವರಿಸಿತು.

"ಸೂತಕದಾಗ ಹೊಸ ಅರಿವಿ ತಗ್ಯಾಂಗಿಲ್ಲ. ಆದ್ರ ನಮ್ಮ ಕೊಡಕ್ಕ ಹೊಸಾದು ಬಂತು. ಹಳೇದು ಪ್ಲಾಸ್ಟಿಕ್ ಚೀಲದಾಗ ಸುತ್ತಿ ಕಟಿಗಿ ಸಂದ್ಯಾಗ ಇತ್ತು." ಮಡಿಲಿನಿಂದ ಮಾಸಲು ಬಿಳಿಯ ಅರಿವೆಯೊಂದನ್ನು ತೆಗೆದು ಫೌಜದಾರರಿಗೆ ಕೊಟ್ಟರು. "ಮೂಸಿ ನೋಡ್ರಿ."

ಮೂಸುವ ಅಗತ್ಯ ಬೀಳಲಿಲ್ಲ. ನಾನಿದ್ದಲ್ಲಿಗೇ ಪೆಟ್ರೋಲಿನ ವಾಸನೆ ಬಂತು.

"ಅಕ್ಕಾರ," ಎಂದರು ಅತ್ತೆ ಹೊಸ್ತಿಲಿಂದ. ದನಿ ಸಣ್ಣದಿತ್ತು. "ನಾನ ಹಾಕೀನ್ರಿ. ಚಾಲೂನ ಆಗೂದಿಲ್ಲ ಅಂತ ಮಾಡಿದ್ದೆ. ಒಂದ ದಿನ ಹಾರದ ಮನ್ಯಾಗ ಇರ್ಲಿ ಅಂತ."

ಫೌಜದಾರರು ಅರಿವೆಯನ್ನು ಮಡಚಿ ಪಕ್ಕದಲ್ಲಿಟ್ಟರು.

"ಖರೆ ಸೋಸದ ನೀರು ಬೆಂಕಿ ಮಷೀನಿಗೆ ಹೆಂಗ ಹಾಕ್ಲಿರಿ? ಎಷ್ಟ ಜೀವ ಸುಟ್ಟ ಹೋಗ್ತಿದ್ದು." ಅವರು ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದರು, ಯಾರಾದರೂ ಹೌದೆನ್ನಲಿ ಎಂಬಂತೆ. "ಸೋಸಿದ ಮ್ಯಾಲೆ ಅರಿವಿ ಜಾಲಿಸಿ ಬಾವಿಗೆ ಬಿಟ್ಟೆ."

ನಿತಿನ ಎದ್ದು ಹೊರಗೆ ಹೋದ. ಫೌಜದಾರರು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

"ಊಟಕ್ಕ ದೌಡ ಬಾ ಅಂತ ಹೇಳಿ ಕಳಸಿದ್ದೆ," ಎಂದು ಅತ್ತೆ ನನಗೆ ಹೇಳಿದರು. "ದೌಡ ಬರಾಕಂತ ಅವಾ ಕಾಯ್ಲಿಲ್ಲ, ಹೌದಿಲ್ಲೋ ಕಾಂಚನ?"

ನಾನು ಒಳಗೆ ಹೋಗಿ ಒಲೆ ಆರಿಸಿ ಬಂದೆ.

ಮಧ್ಯಾಹ್ನದ ಹೊತ್ತಿಗೆ ಠಾಣೆಯಿಂದ ಇಬ್ಬರು ಮಹಿಳಾ ಪೊಲೀಸರು ಜೀಪಿನಲ್ಲಿ ಬಂದರು. ಅತ್ತೆ ಸೀರೆ ಬದಲಿಸಿ ತಾವೇ ಹತ್ತಿ ಕೂತರು. ಆತ್ಯಾ ಜೀಪಿನ ಹತ್ತಿರ ಹೋಗಿ ಹೇಳಿದ್ದು ಇಷ್ಟೇ. "ಹೊತ್ತ ಮುಳುಗಿದ ಮ್ಯಾಲೆ ಆಕಿ ಉಣ್ಣೂದಿಲ್ಲ. ಮೊದಲ ಉಣಿಸ್ರಿ."

ಜೀಪು ತಿರುವಿನಲ್ಲಿ ಮರೆಯಾದ ಮೇಲೂ ಅವರು ಕಟ್ಟೆಯ ಮೇಲೆ ನಿಂತೇ ಇದ್ದರು. "ನಾ ಸುಮ್ಮ ಕುಂತಿದ್ರ ಮಲ್ಲೇಶ ಹೋಗತಿದ್ದ," ಎಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. ಅಂದಿನಿಂದ ಅವರು ಯಾರ ಕೇಸನ್ನೂ ಕೈಗೆ ತೆಗೆದುಕೊಂಡಿಲ್ಲ.

ವಾರದ ಮೇಲೆ ಶೆಡ್ಡು ಖಾಲಿ ಮಾಡಲು ಹೋದೆ. ಗಾಳಿಗೆ ವಿಮಾನ ಹಾರಿಹೋಗದಂತೆ ನೆಲದ ಗೂಟಗಳಿಗೆ ಅದರ ರೆಕ್ಕೆ ಕಟ್ಟುತ್ತಿದ್ದ ಹಗ್ಗಗಳು ಅಲ್ಲೇ ಬಿದ್ದಿದ್ದವು. ದನದ ಹಗ್ಗ. ಮಲ್ಲೇಶನಿಂದ ಎರವಲು ತಂದದ್ದೆಂದು ನಿತಿನ ಹೇಳಿದ. ಮಣ್ಣು ಝಾಡಿಸಿ, ಸುತ್ತಿ, ಒಯ್ದೆ.

ಮಲ್ಲೇಶ ಕೊಟ್ಟಿಗೆಯ ಮುಂದಿದ್ದ. ಕೂರು ಎನ್ನಲಿಲ್ಲ. ಅವನನ್ನು ಕೊಲೆಗಾರನೆಂದವರಲ್ಲಿ ನಮ್ಮ ಮನೆಯವರೇ ಮೊದಲಿಗರು.

"ನಿಮ್ಮ ಹಗ್ಗರಿ," ಎಂದೆ.

ಬಿಚ್ಚಿ ನೋಡಿದ. "ನಾ ಕೊಟ್ಟಿದ್ದು ಒಂದ ಹಗ್ಗ. ಇವು ಎರಡ ಅದಾವ."

"ಎರಡ ರೆಕ್ಕಿಗೆ ಬೇಕಂತ ಕಡದಾರ್ರಿ."

"ಕೇಳದ ಕಡದಾನ," ಎಂದ. ನಾನು ನಿಂತೇ ಇದ್ದೆ.

ಅವನು ಕುಕ್ಕರುಗಾಲಲ್ಲಿ ಕೂತು ಎರಡೂ ತುದಿಗಳನ್ನು ಕೂಡಿಸಿ ಗಂಟು ಹಾಕಿದ. ಒಂದು ತುದಿಯನ್ನು ಕಾಲಲ್ಲಿ ಮೆಟ್ಟಿ, ಇನ್ನೊಂದನ್ನು ಎರಡೂ ಕೈಯಿಂದ ಜಗ್ಗಿ ನೋಡಿದ. ಗಂಟು ನಿಂತಿತು. ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ನನ್ನ ಕಡೆ ನೋಡದೆ ಎಮ್ಮೆಯ ಹತ್ತಿರ ಹೋದ.