ಹತ್ತೊಂಬತ್ತು ಡಿಗ್ರಿ

ಮಂಗಳವಾರ ಬೆಳಗ್ಗೆ 11.40ಕ್ಕೆ ಠಾಣೆಗೆ ಬಂದ ಹೆಂಗಸಿನ ಕೈಯಲ್ಲಿ ಗಂಡನ ಒಂದು ಬೂಟಿತ್ತು. ಯಾಕೆ ತಂದಳೋ ಅವಳಿಗೇ ಗೊತ್ತಿರಲಿಲ್ಲ. ಕೋಲ್ಡ್ ಸ್ಟೋರೇಜಿನ ಗೋಡೆಗೆ ಫೋಮ್ ಹೊಡೆಯುವ ಗಂಡನ ಮುಖದೆದುರೇ ಫೋಮಿನ ರಾಸಾಯನಿಕ ಸಾಗಿಸುವ ಬಿಸಿ ಪೈಪು ಒಡೆದಿತ್ತು. ಎರಡೂ ಕಣ್ಣಿಗೆ ಪಟ್ಟಿ.

"ನಿನ್ನೆ ರಿಪೇರಿಗೆ ಬಂದಿದ್ದ ಮೆಕ್ಯಾನಿಕ್ಕೇ ಕಾರಣ ಸಾರ್. ಅವನನ್ನ ಸುಮ್ನೆ ಬಿಡಬೇಡಿ."

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು.

ಮಧ್ಯಾಹ್ನ 2.10ಕ್ಕೆ ಪಂಚನಾಮೆ. ಕಿಟಕಿಯಿಲ್ಲದ ಗೋದಾಮು, ಒಂದೇ ಬಾಗಿಲು. ಸ್ಥಳ ತೋರಿಸಲು ಗಾಯಾಳುವಿನ ಅಕ್ಕ ಬಂದಿದ್ದಳು. ಅದೇ ತಂಡದಲ್ಲಿ ಪೈಪು ಎಳೆಯುವವಳು. ನೆಲದಲ್ಲಿ ಬಿದ್ದಿದ್ದ ಪೈಪನ್ನು ಪಂಚರು ಹಾವು ಕಂಡವರಂತೆ ದಾಟಿದರು. ಇನ್‌ಸ್ಪೆಕ್ಟರಿಗೂ ಭಯವಿತ್ತು. ಖಾಕಿ ತೊಟ್ಟರೆ ಚರ್ಮ ಸುಡುವುದಿಲ್ಲವೇ?

"ಪೈಪು ಎಷ್ಟು ಬಿಸಿ ಇರ್ಬೇಕು?"

"ಅರವತ್ತು ಡಿಗ್ರಿ ಸಾರ್," ಎಂದ ಪೊಲೀಸರು ಕರೆತಂದಿದ್ದ ಮೆಕ್ಯಾನಿಕ್. "ಅಷ್ಟಾಗೋವರೆಗೂ ಕೆಲಸ ಶುರು ಮಾಡಲ್ಲ. ಪೈಪಿನ ಒಳಗೊಂದು ಸೆನ್ಸರ್ ಇರ್ತದೆ. ಅದು ಹೇಳಿದ ಹಾಗೆ ಮಷೀನು ಕೇಳ್ತದೆ."

"ಇವತ್ತು?"

"ಮುಕ್ಕಾಲು ಗಂಟೆಯಾದ್ರೂ ಹತ್ತೊಂಬತ್ತೇ ತೋರಿಸ್ತಿತ್ತಂತೆ. ಯಾಕೆ ಅಂತ ನೋಡೋಕೆ ಅವನು ಬಗ್ಗಿದಾನೆ, ಪೈಪು ಒಡೆದಿದೆ. ನನ್ನ ಮಕ್ಕಳಾಣೆ ಸಾರ್, ನಾನು ಪಂಪು ಮಾತ್ರ ಸರಿ ಮಾಡಿದ್ದು."

"ಆಣೆ ಗೀಣೆ ಬೇಡ. ಒತ್ತಡ ಕೊಡದೆ ಬಿಸಿ ಮಾತ್ರ ಹಾಕು."

ಹತ್ತು ನಿಮಿಷ ಕಳೆಯಿತು. ಪರದೆಯ ಮೇಲೆ ಹತ್ತೊಂಬತ್ತು ಕದಲಲಿಲ್ಲ.

"ತಣ್ಣಗೇ ಇದೆ ಸಾರ್," ಎನ್ನುತ್ತ ಮಹಿಳಾ ಕಾನ್‌ಸ್ಟೆಬಲ್ ಟೇಪು ಸುತ್ತಿದ ಪೈಪಿನತ್ತ ಕೈ ಚಾಚಿದಳು.

"ಅಯ್ಯೋ, ಮುಟ್ಟಬೇಡಮ್ಮಾ! ಸೆನ್ಸರ್ ಒಳಗಿಲ್ಲ!" ಅಕ್ಕ ಕಿರುಚಿದಳು.

ಇನ್‌ಸ್ಪೆಕ್ಟರ್ ಕರೆಂಟು ತೆಗೆಸಿದರು. "ಟೇಪು ಇನ್ನೂ ಯಾರೂ ಬಿಚ್ಚಿಲ್ಲ. ಒಳಗಿಲ್ಲ ಅಂತ ನಿಮಗೆ ಹೇಗೆ ಗೊತ್ತು?"

ಅಕ್ಕ ತಾನೇ ಟೇಪಿನ ತುದಿ ತೋರಿಸಿದಳು. ಟೇಪು ಬಿಚ್ಚಿದಾಗ ಸೆನ್ಸರಿನ ತೂತಿಗೆ ಬಿರಡೆ ಹಾಕಿತ್ತು. ಸೆನ್ಸರ್ ಪಕ್ಕದ ಗೋಣಿಚೀಲದಡಿ, ತಣ್ಣನೆಯ ನೆಲದ ಮೇಲಿತ್ತು.

"ಆ ಫೋಮಿನ ಹೊಗೆ ಕುಡಿದು ಕುಡಿದು ತಮ್ಮನ ಉಸಿರೇ ಕಟ್ತಿತ್ತು ಸಾರ್. ಇನ್ನು ಈ ಕೆಲಸ ಮಾಡಿದ್ರೆ ಉಳಿಯಲ್ಲ ಅಂದಿದ್ರು ಡಾಕ್ಟ್ರು. ಕೈಕಾಲು ಹಿಡಿದ್ರೂ ಕೇಳಲಿಲ್ಲ. ಬಿಸಿ ಆಗಿಲ್ಲ ಅಂತ ತೋರಿಸಿದ್ರೆ ಮನೆಗೆ ಹೋಗ್ತಾನೆ ಅಂದ್ಕೊಂಡೆ. ಮಷೀನು ಬಿಸಿ ಏರಿಸ್ತಾನೇ ಇರ್ತದೆ ಅಂತ ನನ್ನ ಹಾಳು ತಲೆಗೆ ಹೊಳೀಲೇ ಇಲ್ಲ."

3.25ಕ್ಕೆ ಬಂಧನ. ದ್ವೇಷವಿಲ್ಲ, ತಮ್ಮ ಸತ್ತುಹೋದಾನೆಂಬ ಭಯವೇ ಕಾರಣ ಎಂದು ಇನ್‌ಸ್ಪೆಕ್ಟರ್ ಡೈರಿಯಲ್ಲಿ ಬರೆದರು. ಮೆಕ್ಯಾನಿಕ್ ಗೋಡೆಗೊರಗಿ ಗೊಳೋ ಎಂದು ಅತ್ತ.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು. ಪಟ್ಟಿ ಬಿಚ್ಚಿ ಕಣ್ಣು ನೋಡಬೇಕು, ರೋಗಿ ಬಿಡುತ್ತಿಲ್ಲ. ಹೆದರಿಕೆಯಂತೆ, ಅಕ್ಕ ಬಂದು ಕೈ ಹಿಡಿದರೆ ಮಾತ್ರವಂತೆ.

ಇನ್‌ಸ್ಪೆಕ್ಟರ್ ಜೀಪನ್ನು ಆ ಕಡೆ ತಿರುಗಿಸಲು ಹೇಳಿದರು.

ವಾರ್ಡಿನ ಬಾಗಿಲಲ್ಲಿ ಅಕ್ಕ ನಿಂತುಬಿಟ್ಟಳು. "ಕಣ್ಣು ಬಿಟ್ಟ ಕೂಡ್ಲೆ ನನ್ನ ಮುಖಾನೇ ಹುಡುಕ್ತಾನಮ್ಮಾ," ಎಂದು ಮಹಿಳಾ ಕಾನ್‌ಸ್ಟೆಬಲ್ ತೋಳು ಹಿಡಿದಳು. "ಕಂಡ್ರೆ ಏನು ಹೇಳ್ಲಿ? ಕಾಣದೇ ಹೋದ್ರೆ?"

ಒಳಗಿನಿಂದ ದನಿ ಬಂತು. "ಅಕ್ಕಾ, ಬಂದ್ಯಾ?"

"ಬಂದೆ ಕಣೋ," ಎಂದಳು.